ಹಳೆಯ ಆಟಕ್ಕೆ ಹಳೆಯ ಯಂತ್ರದ ವೇಷ

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿ ಹೊರಗಿನವರಿಗೆ ಹೆಚ್ಚು ಪರಿಚಯವಾದದ್ದು 1983ರಲ್ಲಿ ಐಐಎಂ ಅಲ್ಲಿಗೆ ಬಂದ ಮೇಲೆ. ವಾಸ್ತುಶಿಲ್ಪಿ ಬಿ.ವಿ. ದೋಷಿ ಕಟ್ಟಿಸಿದ ಕಲ್ಲಿನ ಪಡಸಾಲೆಗಳ ಸುತ್ತ ಮುಂದಿನ ವರ್ಷಗಳಲ್ಲಿ ಬಡಾವಣೆಗಳು ಬೆಳೆದವು, ಮನೆಗಳು ಎದ್ದವು. ಆ ಮನೆಗಳ ಒಳಗೆ ತೊಂಬತ್ತರ ದಶಕದಲ್ಲಿ ಕಂಪ್ಯೂಟರುಗಳೂ ಬಂದವು. ಕೆಲವು ವಿಪ್ರೊ, ಎಚ್‌ಸಿಎಲ್ ಕಂಪನಿಗಳವು, ಹಲವು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದವು. ಮಕ್ಕಳ ಓದಿಗೆಂದು ಮನೆಗೆ ಬಂದ ಆ ಪೆಟ್ಟಿಗೆ ಹೆಚ್ಚಾಗಿ ಬಳಕೆಯಾದದ್ದು ಆಟಕ್ಕೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಕ್ಷಿಣ ಬೆಂಗಳೂರಿನ ಇಂಥ ಎಷ್ಟೋ ಮನೆಗಳ ಅಟ್ಟದಲ್ಲಿ ಆ ಕಾಲದ ಫ್ಲಾಪಿ ಡಬ್ಬಿಗಳು ಇನ್ನೂ ಇದ್ದಾವು. ಅವುಗಳಲ್ಲಿರುವ ಆಟವೊಂದನ್ನು ಇಂದಿನ ಲ್ಯಾಪ್‌ಟಾಪಿನಲ್ಲಿ ಆಡಿಸಲು ಹೊರಟವರಿಗೆ ಮೊದಲ ನಿರಾಶೆ ಕಾದಿರುತ್ತದೆ. ಸಾವಿರ ಪಟ್ಟು ಹೆಚ್ಚು ಶಕ್ತಿಯುಳ್ಳ ಹೊಸ ಯಂತ್ರ, 1.44 ಮೆಗಾಬೈಟಿನ ಫ್ಲಾಪಿಯೊಂದರಲ್ಲಿ ಹಿಡಿಸುವ ಹಳೆಯ ಆಟವನ್ನು ನಡೆಸಲಾರೆ ಎನ್ನುತ್ತದೆ. ಇದೇಕೆ ಹೀಗೆ?

ಉತ್ತರಕ್ಕೆ 1981ಕ್ಕೆ ಹೋಗಬೇಕು. ಆ ವರ್ಷದ ಆಗಸ್ಟಿನಲ್ಲಿ ಐಬಿಎಂ ಕಂಪನಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಇಂಟೆಲ್ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್, ಅದನ್ನು ಆಳುತ್ತಿದ್ದುದು ಮೈಕ್ರೊಸಾಫ್ಟಿನ ಡಾಸ್. ಆಳುತ್ತಿತ್ತು ಎನ್ನುವುದು ತುಸು ದೊಡ್ಡ ಮಾತೇ. ಒಂದು ಪ್ರೋಗ್ರಾಂ ಶುರುವಾದೊಡನೆ ಡಾಸ್ ಬದಿಗೆ ಸರಿಯುತ್ತಿತ್ತು. ಇಡೀ ಯಂತ್ರ ಆ ಪ್ರೋಗ್ರಾಮಿನ ವಶ. ಆಟ ಬರೆಯುವವರು ಪರದೆಯ ಸ್ಮೃತಿಗೆ ನೇರವಾಗಿ ಬಣ್ಣ ತುಂಬುತ್ತಿದ್ದರು, ಸ್ಪೀಕರನ್ನು ತಾವೇ ಮಿಡಿಯುತ್ತಿದ್ದರು, ಕೀಲಿಮಣೆಯ ಸಂಕೇತವನ್ನು ತಾವೇ ಹಿಡಿಯುತ್ತಿದ್ದರು. ಬಾಡಿಗೆಗೆ ಬಂದವನು ಮನೆಯ ಗೋಡೆ ಒಡೆದು ತನಗೆ ಬೇಕಾದಂತೆ ಬಾಗಿಲಿಟ್ಟುಕೊಂಡ ಹಾಗೆ!

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದು ಈ ಸ್ವಾತಂತ್ರ್ಯಕ್ಕೆ ಮನೆಮನೆಯಲ್ಲೂ ತೆರೆಬಿತ್ತು. ಯಂತ್ರಾಂಶವನ್ನು ನೇರವಾಗಿ ಮುಟ್ಟಲು ಯಾವ ಪ್ರೋಗ್ರಾಮಿಗೂ ಅನುಮತಿ ಇಲ್ಲ, ಎಲ್ಲವೂ ವಿಂಡೋಸ್ ಮೂಲಕವೇ ಆಗಬೇಕು. ಮುಂದೆ 64 ಬಿಟ್‌ನ ವಿಂಡೋಸ್ ಬಂದಾಗ ಹಳೆಯ 16 ಬಿಟ್ ಪ್ರೋಗ್ರಾಂಗಳಿಗಿದ್ದ ಕಿರುಬಾಗಿಲೂ ಮುಚ್ಚಿತು.

ಹಾಗಾದರೆ ಹಳೆಯ ಯಂತ್ರವನ್ನೇ ಕೆಳಗಿಳಿಸಬಹುದಲ್ಲ? 386, 486 ಯಂತ್ರಗಳ ಮದರ್‌ಬೋರ್ಡಿನಲ್ಲಿ ಬೆಸೆದಿರುತ್ತಿದ್ದ ಪುಟ್ಟ ಬ್ಯಾಟರಿ ವರ್ಷಗಳು ಕಳೆದಂತೆ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿರುತ್ತದೆ. ಫ್ಲಾಪಿಗಳಿಗೆ ಬೂಷ್ಟು ಹಿಡಿದಿರುತ್ತದೆ. ಯಂತ್ರಕ್ಕೆ ಸಾವಿದೆ. ಅದರ ನಡವಳಿಕೆಯನ್ನು ಮಾತ್ರ ಉಳಿಸಿಕೊಳ್ಳಲು ಒಂದು ದಾರಿಯಿದೆ. ಅದೇ ಎಮ್ಯುಲೇಟರ್.

ಎಮ್ಯುಲೇಟರ್ ಎಂದರೆ ಯಂತ್ರವೊಂದರ ವೇಷ ತೊಟ್ಟ ತಂತ್ರಾಂಶ. ಹಳೆಯ ಪ್ರೊಸೆಸರಿಗೆ ಬರೆದ ಒಂದೊಂದು ಆದೇಶವನ್ನೂ ಅದು ಓದಿ, ಆ ಪ್ರೊಸೆಸರ್ ಏನು ಮಾಡುತ್ತಿತ್ತೋ ಅದನ್ನೇ ಹೊಸ ಯಂತ್ರದಲ್ಲಿ ಮಾಡಿ ತೋರಿಸುತ್ತದೆ. ಪ್ರೊಸೆಸರ್ ಮಾತ್ರವಲ್ಲ, ಪರದೆಯ ಕಾರ್ಡು, ಗಡಿಯಾರ, ಧ್ವನಿಯ ಕಾರ್ಡು, ಎಲ್ಲದರ ವೇಷವನ್ನೂ ಅದೊಂದೇ ಕಟ್ಟಬೇಕು. ತಾನಿರುವುದು ನಿಜವಾದ ಯಂತ್ರದಲ್ಲಲ್ಲ ಎಂಬ ಸಂಶಯ ಆಟಕ್ಕೆ ಒಂದು ಕ್ಷಣವೂ ಬರಬಾರದು. ಡಾಸ್ ಆಟಗಳಿಗಾಗಿ ಈ ಕೆಲಸ ಮಾಡುವ ‘ಡಾಸ್‌ಬಾಕ್ಸ್’ 2002ರಲ್ಲಿ ಮೊದಲು ಹೊರಬಂತು. ಪೀಟರ್ ವೀನ್‌ಸ್ಟ್ರಾ ಮತ್ತು ಶೂರ್ಡ್ ವಾನ್ ಡರ್ ಪೂಲ್ ಆರಂಭಿಸಿದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ, ಅದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ.

ಕೆಲವು ಆಟಗಳು ಸಾಧು ಸ್ವಭಾವದವು. ಜೋರ್ಡನ್ ಮೆಕ್ನರ್ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಅಂಥದ್ದು. 1989ರಲ್ಲಿ ಆ್ಯಪಲ್ 2 ಯಂತ್ರಕ್ಕೆ, 1990ರಲ್ಲಿ ಡಾಸ್‌ಗೆ ಬಂದ ಈ ಆಟದಲ್ಲಿ ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ನಾಯಕನ ಓಟ, ಜಿಗಿತ ಅಷ್ಟು ಸಹಜವಾಗಿ ಕಾಣಲು ಕಾರಣ, ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೊ ತೆಗೆದು ಚಿತ್ರಗಳನ್ನು ಅದರ ಮೇಲೆಯೇ ತಿದ್ದಿದ್ದು. ಆ್ಯಪಲ್‌ನ ಸ್ಮೃತಿಯಲ್ಲಿ ಇನ್ನೊಂದು ಪಾತ್ರದ ಚಿತ್ರಗಳಿಗೆ ಜಾಗವೇ ಉಳಿಯಲಿಲ್ಲ. ಆಗ ನಾಯಕನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ ಅದರ ಮೇಲೆಯೇ ಹಾಯಿಸಿದ್ದರಿಂದ ಮಿನುಗುವ ನೆರಳು ಮನುಷ್ಯನೊಬ್ಬ ಹುಟ್ಟಿಕೊಂಡ. ಆಡಿದವರಾರೂ ಮರೆಯದ ಆ ಪಾತ್ರ ಬಡತನದ ಕೂಸು.

ಇದೇ ಆಟದಲ್ಲಿ ಒಂದು ಚೌಕಾಸಿಯೂ ಇತ್ತು. ಮೊದಲ ಹಂತ ಮುಗಿದೊಡನೆ ಅಕ್ಷರಗಳಿರುವ ಔಷಧಿ ಸೀಸೆಗಳ ಕೋಣೆ ಎದುರಾಗುತ್ತದೆ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲಕ್ಷರದ ಸೀಸೆಯನ್ನೇ ಕುಡಿಯಬೇಕು. ಕಳ್ಳಪ್ರತಿಯ ತಡೆಗೆ ಹೂಡಿದ ಉಪಾಯ ಇದು. ಕೈಯಿಂದ ಕೈಗೆ ದಾಟಿದ ಫ್ಲಾಪಿಯ ಜತೆ ಕೈಪಿಡಿ ಎಲ್ಲಿಂದ ಬರಬೇಕು! ಎಮ್ಯುಲೇಟರ್ ಯಂತ್ರದ ವೇಷ ಹಾಕಬಲ್ಲದು, ಕಳೆದುಹೋದ ಪುಸ್ತಕದ ವೇಷ ಹಾಕಲಾರದು.

ಹಟಮಾರಿ ಆಟಗಳ ಕಥೆ ಬೇರೆ. ನಮ್ಮ ಕಂಪ್ಯೂಟರ್ ತರಗತಿಗಳಿಗೆ ಚಿರಪರಿಚಿತವಾಗಿದ್ದ ಬೋರ್ಲ್ಯಾಂಡ್ ಕಂಪನಿಯ ಪಾಸ್ಕಲ್‌ನಲ್ಲಿ ಬರೆದ ಎಷ್ಟೋ ಆಟಗಳು ವೇಗದ ಯಂತ್ರದಲ್ಲಿ ತೆರೆದೊಡನೆ ‘ರನ್‌ಟೈಮ್ ಎರರ್ 200’ ಎಂದು ಸತ್ತುಬೀಳುತ್ತವೆ. ಸೊನ್ನೆಯಿಂದ ಭಾಗಿಸಿದ್ದಕ್ಕೆ ಕೊಡುವ ದೂರು ಅದು. ಸೊನ್ನೆಯಿಂದ ಭಾಗಿಸಿದವರು ಮಾತ್ರ ಯಾರೂ ಇಲ್ಲ. ನಡೆಯುವುದು ಇಷ್ಟು: ಗಡಿಯಾರದ ಒಂದು ಮಿಡಿತಕ್ಕೆ, ಅಂದರೆ ಸುಮಾರು 55 ಮಿಲಿಸೆಕೆಂಡಿಗೆ, ಯಂತ್ರ ಎಷ್ಟು ಸುತ್ತು ಎಣಿಸುತ್ತದೆ ಎಂದು ಪ್ರೋಗ್ರಾಂ ಆರಂಭದಲ್ಲೇ ಅಳೆಯುತ್ತದೆ. ಆ ಸಂಖ್ಯೆಯನ್ನು 55ರಿಂದ ಭಾಗಿಸುತ್ತದೆ. ಉತ್ತರವನ್ನು ಇಡಲು ಇರುವ ಪಾತ್ರೆ 16 ಬಿಟ್‌ನದು, 65,535 ದಾಟಿದರೆ ಹಿಡಿಸದು. ಸುಮಾರು 200 ಮೆಗಾಹರ್ಟ್ಸ್ ಮೇಲಿನ ಯಂತ್ರಗಳಲ್ಲಿ ಉತ್ತರ ಉಕ್ಕಿ ಹರಿಯುತ್ತದೆ. ಉಕ್ಕಿದ್ದಕ್ಕೂ ಸೊನ್ನೆಯ ಭಾಗಾಕಾರಕ್ಕೂ ಪ್ರೊಸೆಸರ್ ಕೂಗುವುದು ಒಂದೇ ಕೂಗು. ಯಂತ್ರ ಇಷ್ಟು ಬೇಗ ಇಷ್ಟು ವೇಗದ್ದಾದೀತು ಎಂದು ಬರೆದವರು ಎಣಿಸಿರಲಿಲ್ಲ, ಅಷ್ಟೆ.

ಮದ್ದು ವಿಚಿತ್ರವಾದದ್ದು: ಯಂತ್ರವನ್ನು ನಿಧಾನ ಮಾಡಬೇಕು. ಡಾಸ್‌ಬಾಕ್ಸಿನಲ್ಲಿ ‘ಸೈಕಲ್ಸ್’ ಎಂಬ ಎಣಿಕೆಯಿದೆ. ಮಿಲಿಸೆಕೆಂಡಿಗೆ ಎಷ್ಟು ಆದೇಶ ನಡೆಯಬೇಕೆಂಬ ಲೆಕ್ಕ. ಸಾಮಾನ್ಯವಾಗಿ 3000ದಿಂದ ಶುರು. ಕಂಟ್ರೋಲ್ ಕೀಲಿಯೊಡನೆ ಎಫ್ 11 ಒತ್ತಿದರೆ ಇಳಿಯುತ್ತದೆ, ಎಫ್ 12 ಒತ್ತಿದರೆ ಏರುತ್ತದೆ. ಆಟದ ಹೆಜ್ಜೆಗೂ ಯಂತ್ರದ ತಾಳಕ್ಕೂ ಹೊಂದಿಕೆಯಾಗುವವರೆಗೆ, ಮೃದಂಗಕ್ಕೆ ಶ್ರುತಿ ಕೂಡಿಸಿದಂತೆ, ಏರಿಸಿ ಇಳಿಸಿ ನೋಡಬೇಕು.

ಇನ್ನು ಸ್ಮೃತಿಯ ಜಗಳ. ಡಾಸ್ ಪ್ರೋಗ್ರಾಮಿಗೆ ಸಲೀಸಾಗಿ ಸಿಗುತ್ತಿದ್ದುದು 640 ಕಿಲೊಬೈಟ್ ಒಳಗೆ. ಅದರಾಚೆಯ ಜಾಗ ಮುಟ್ಟಲು ಇಎಂಎಸ್, ಎಕ್ಸ್‌ಎಂಎಸ್ ಎಂಬ ಎರಡು ಪದ್ಧತಿಗಳಿದ್ದವು. 1992ರ ‘ಅಲ್ಟಿಮಾ 7’ ಎರಡನ್ನೂ ಒಪ್ಪದೆ ‘ವೂಡೂ’ ಎಂಬ ತನ್ನದೇ ವ್ಯವಸ್ಥೆಯನ್ನು ತಂದಿತು. ಬೇರೆ ಆಟಗಳಿಗೆ ಬೇಕಾಗಿದ್ದ ಇಎಂಎಂ386 ಯಂತ್ರದಲ್ಲಿದ್ದರೆ ಇದು ಹೊಸಿಲನ್ನೇ ದಾಟುತ್ತಿರಲಿಲ್ಲ. ಆ ಒಂದು ಆಟಕ್ಕಾಗಿ ಬೇರೆಯೇ ಫ್ಲಾಪಿಯಿಂದ ಯಂತ್ರ ಎಬ್ಬಿಸುತ್ತಿದ್ದರು. ಎಮ್ಯುಲೇಟರಿನಲ್ಲಿ ಇಎಂಎಸ್ ಆರಿಸಲು ಒಂದು ಸಾಲು ತಿದ್ದಿದರೆ ಸಾಕು.

ಧ್ವನಿಯ ವಿಷಯದಲ್ಲೂ ಹಾಗೆಯೇ. ಸೌಂಡ್ ಬ್ಲಾಸ್ಟರ್ ಕಾರ್ಡು ಯಾವ ವಿಳಾಸದಲ್ಲಿದೆ (220), ಯಾವ ಇಂಟರಪ್ಟ್ (5 ಅಥವಾ 7), ಯಾವ ಡಿಎಂಎ (1) ಎಂದು ಆಟಕ್ಕೆ ಹೇಳಬೇಕಿತ್ತು. ತಪ್ಪಿದರೆ ಮೌನ, ಇಲ್ಲವೇ ಯಂತ್ರವೇ ಸ್ತಬ್ಧ.

ಇಷ್ಟೆಲ್ಲ ಪಾಡು ಆಟಕ್ಕೆ ಬೇಕೆ ಎಂದು ಹಿರಿಯರು ಕೇಳಬಹುದು. ಆದರೆ ಆ ಪೆಟ್ಟಿಗೆಗಳಲ್ಲಿದ್ದುದು ಆಟವೊಂದೇ ಅಲ್ಲ. ಬೆಂಗಳೂರಿನಲ್ಲೇ ಬೆಳೆದ ‘ಟ್ಯಾಲಿ’ಯ ಆರಂಭದ ಆವೃತ್ತಿಗಳು ಡಾಸ್‌ನವು, ಅಂಗಡಿಗಳ ಲೆಕ್ಕ ಅವುಗಳಲ್ಲಿತ್ತು. ಕಂಪ್ಯೂಟರಿಗೆ ಕನ್ನಡ ಬಂದದ್ದೂ ಆ ಕಾಲದಲ್ಲೇ. ಐಐಟಿ ಕಾನ್ಪುರದಲ್ಲಿ ಆರಂಭವಾದ ಕೆಲಸವನ್ನು ಮುಂದುವರಿಸಿ ಪುಣೆಯ ಸಿ-ಡ್ಯಾಕ್ ರೂಪಿಸಿದ ‘ಜಿಸ್ಟ್’ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್‌ನ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಡಿಟಿಪಿ ಅಂಗಡಿಗಳ ಭಾಷಾ ತಂತ್ರಾಂಶಗಳಿಗೆ ಪ್ರಿಂಟರಿನ ಕಿಂಡಿಗೆ ಚುಚ್ಚುವ ‘ಡಾಂಗಲ್’ ಬೀಗವೂ ಇರುತ್ತಿತ್ತು. ರಾಜಕುಮಾರನ ಔಷಧಿ ಸೀಸೆಯ ಅಣ್ಣನೇ ಅದು.

ಇಲ್ಲೊಂದು ಕಹಿ ಸಂಗತಿಯಿದೆ. ಡಾಸ್‌ಬಾಕ್ಸ್ ವೇಷ ಕಟ್ಟುವ ಕಾರ್ಡುಗಳ ಪಟ್ಟಿಯಲ್ಲಿ ಸೌಂಡ್ ಬ್ಲಾಸ್ಟರ್ ಇದೆ, ಗ್ರೇವಿಸ್ ಅಲ್ಟ್ರಾಸೌಂಡ್ ಇದೆ, ಟ್ಯಾಂಡಿ ಯಂತ್ರದ ಧ್ವನಿಯೂ ಇದೆ. ಜಿಸ್ಟ್ ಇಲ್ಲ. ಪ್ರೀತಿಸಿದವರು ಹೆಚ್ಚಿದ್ದ ಯಂತ್ರಾಂಶ ಉಳಿಯಿತು. ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವಂತೆ ಮಾಡಿತು. ಅದೇ ಕಾಲದಲ್ಲಿ ಕನ್ನಡದಲ್ಲಿ ಟೈಪಿಸಿದ ಪುಸ್ತಕಗಳ, ಪತ್ರಗಳ ಫ್ಲಾಪಿಗಳು ಗುಜರಿಗೆ ಹೋದವು.

ಹೋಗದೆ ಉಳಿದವುಗಳಿಗೆ ದಾರಿಯಿದೆ. 1991ರಲ್ಲಿ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿ ಉಳಿಸಿದ ಬರಹವಾದರೆ ಕಾರ್ಡೂ ಬೇಡ, ಎಮ್ಯುಲೇಟರೂ ಬೇಡ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಕೋಷ್ಟಕ ಪ್ರಕಟವಾಗಿರುವುದರಿಂದ ಯೂನಿಕೋಡಿಗೆ ಬದಲಿಸಬಹುದು. ಒಂದೊಂದು ಕಂಪನಿಯ ಸ್ವಂತ ಫಾಂಟಿನ ಸಂಕೇತದಲ್ಲಿದ್ದರೆ ಕಷ್ಟ. ಫಾಂಟಿನ ಫೈಲೂ ಜತೆಗೇ ಸಿಗಬೇಕು. ಆದ್ದರಿಂದ ಬೇಕಾದ ಫೈಲನ್ನಷ್ಟೇ ಆರಿಸದೆ ಫ್ಲಾಪಿಯ, ಹಾರ್ಡ್‌ಡಿಸ್ಕಿನ ಪೂರ್ತಿ ಪ್ರತಿಯನ್ನು ತೆಗೆಯುವುದು ಒಳ್ಳೆಯದು. ಮೂರೂವರೆ ಅಂಗುಲದ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಾಕು, ಐದೂಕಾಲು ಅಂಗುಲದ್ದಕ್ಕೆ ಬೇರೆಯೇ ಸಲಕರಣೆ ಬೇಕು.

ಮೆಕ್ನರ್‌ಗೆ ಆದದ್ದೂ ಇದೇ. ತನ್ನ ಆಟದ ಮೂಲ ಸಂಕೇತ ಕಳೆದೇಹೋಯಿತೆಂದು ಆತ ಕೈಚೆಲ್ಲಿದ್ದ. 2012ರಲ್ಲಿ ಅವನ ತಂದೆ ಕಪಾಟಿನ ಹಿಂಬದಿಯಿಂದ ಒಂದು ಪೆಟ್ಟಿಗೆ ಹೊರತೆಗೆದರು. ಫ್ಲಾಪಿಗಳು ಅದರಲ್ಲಿದ್ದವು. ಬಲ್ಲವರು ಹಳೆಯ ಯಂತ್ರ ಹೊತ್ತು ತಂದರು. ಇಪ್ಪತ್ತೆರಡು ವರ್ಷಗಳ ಬಳಿಕವೂ ಅವು ಓದಿಕೊಂಡವು.