'ಮಾತ್ರ' ಎಂಬ ಪದದ ಚರಿತ್ರೆ

ಕೃತಕ ಬುದ್ಧಿಮತ್ತೆಗೆ ಕಾನೂನಿನ ಕಡಿವಾಣ ಹಾಕುವ ಮಾತು ತೀರ ಇತ್ತೀಚಿನದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಮನುಷ್ಯನ ಕುರಿತ ತೀರ್ಮಾನವನ್ನು ಯಂತ್ರವೊಂದಕ್ಕೇ ಬಿಟ್ಟುಕೊಡಬಾರದೆಂಬ ಅದರ ಮೂಲ ನಿಯಮವನ್ನು ಫ್ರಾನ್ಸ್ 1978ರಲ್ಲಿಯೇ ಶಾಸನದಲ್ಲಿ ಬರೆದಿಟ್ಟಿತ್ತು. ಆ ನಿಯಮದ ಬೇರು ಹದಿಮೂರು ಅಂಕಿಗಳ ಒಂದು ಸಂಖ್ಯೆಯಲ್ಲಿದೆ.

ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ, ವಿಶಿ ಪಟ್ಟಣದಿಂದ ಆಳುತ್ತಿದ್ದ ಸರ್ಕಾರದ ಕಾಲದಲ್ಲಿ, ರೆನೆ ಕಾರ್ಮಿಲ್ ಎಂಬ ಸೇನಾಧಿಕಾರಿ ಪಂಚ್ ಕಾರ್ಡುಗಳ, ಅಂದರೆ ತೂತುಗಳ ಮೂಲಕ ಮಾಹಿತಿಯನ್ನು ಯಂತ್ರಕ್ಕೆ ಓದಿಸುವ ರಟ್ಟಿನ ಚೀಟಿಗಳ, ನೆರವಿನಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆಯನ್ನು ಕಟ್ಟಿದರು. ಅದರ ಮೊದಲ ಅಂಕಿ ಗಂಡಸಾದರೆ 1, ಹೆಂಗಸಾದರೆ 2. ಮುಂದಿನ ಎರಡು ಹುಟ್ಟಿದ ವರ್ಷ, ಮತ್ತೆರಡು ತಿಂಗಳು, ಆಮೇಲೆ ಜಿಲ್ಲೆ, ಊರು, ಕೊನೆಗೆ ನೋಂದಣಿಯ ಕ್ರಮಾಂಕ. 25508 ಎಂದು ಆರಂಭವಾಗುವ ಸಂಖ್ಯೆ ಕಂಡರೆ ಸಾಕು, 1955ರ ಆಗಸ್ಟಿನಲ್ಲಿ ಹುಟ್ಟಿದ ಹೆಣ್ಣೆಂದು ಯಾವ ಗುಮಾಸ್ತನಾದರೂ ಹೇಳಬಲ್ಲ. ಯುದ್ಧಕಾಲದಲ್ಲಿ ಅದೇ ಮೊದಲ ಸ್ಥಾನದಲ್ಲಿ ಅಲ್ಜೀರಿಯದ ಮುಸ್ಲಿಮರಿಗೂ ಯಹೂದಿಗಳಿಗೂ ಬೇರೆ ಬೇರೆ ಅಂಕಿಗಳನ್ನು ಗೊತ್ತುಪಡಿಸಲಾಗಿತ್ತು. ನಾಜಿಗಳ ವಿರುದ್ಧದ ಪ್ರತಿರೋಧಕ್ಕೆ ಸೇರಿದ್ದ ಕಾರ್ಮಿಲ್ 1945ರಲ್ಲಿ ಡಾಹೌ ಶಿಬಿರದಲ್ಲಿ ತೀರಿಕೊಂಡರು. ಅವರು ಮಾಡಿದ ಸಂಖ್ಯೆ ಉಳಿದುಕೊಂಡಿತು.

ಸರ್ಕಾರದ ಬೇರೆ ಬೇರೆ ಕಡತಗಳನ್ನು ಈ ಒಂದೇ ಸಂಖ್ಯೆಯ ದಾರದಲ್ಲಿ ಪೋಣಿಸುವ ಯೋಜನೆಗೆ 1970ರ ದಶಕದಲ್ಲಿ ಸಫಾರಿ ಎಂಬ ಹೆಸರು ಬಿದ್ದಿತು. ಬೇಟೆಯನ್ನು ನೆನಪಿಸುವ ಆ ಹೆಸರನ್ನು ಇಟ್ಟವರ ಅರಸಿಕತೆಗೆ ಪ್ರಜೆಗಳು ಕೃತಜ್ಞರಾಗಿರಬೇಕು. ಏಕೆಂದರೆ 1974ರ ಮಾರ್ಚ್ 21ರಂದು ಲ ಮೋಂಡ್ ಪತ್ರಿಕೆ ಇದನ್ನು ಫ್ರೆಂಚರ ಬೇಟೆ ಎಂದೇ ಶೀರ್ಷಿಕೆಯಲ್ಲಿ ಸಾರಿದಾಗ ದೇಶದಾದ್ಯಂತ ಗದ್ದಲವೆದ್ದು, ಸರ್ಕಾರ ಯೋಜನೆಯನ್ನು ತಡೆಹಿಡಿದು ತಜ್ಞರ ಆಯೋಗವೊಂದನ್ನು ನೇಮಿಸಬೇಕಾಯಿತು.

ಆ ಆಯೋಗದ ವರದಿಯ ಫಲವಾಗಿ 1978ರ ಜನವರಿ 6ರಂದು ಬಂದ ಕಾಯ್ದೆಯ ಎರಡನೆಯ ವಿಧಿಯು, ಮನುಷ್ಯನ ನಡತೆಯನ್ನು ಅಳೆಯುವ ಯಾವ ನ್ಯಾಯತೀರ್ಪಿಗೂ ಯಂತ್ರ ತಯಾರಿಸಿದ ವ್ಯಕ್ತಿಚಿತ್ರಣ ಆಧಾರವಾಗಕೂಡದೆಂದು ಖಂಡತುಂಡವಾಗಿ ಹೇಳಿ, ಆಡಳಿತದ ಮತ್ತು ಖಾಸಗಿಯವರ ತೀರ್ಮಾನಗಳ ವಿಷಯಕ್ಕೆ ಬಂದಾಗ ಸ್ವಲ್ಪ ಸಡಿಲವಾಗಿ, ಅದು 'ಮಾತ್ರ' ಆಧಾರವಾಗಕೂಡದೆಂದು ಸೇರಿಸಿತು. ಮೂರನೆಯ ವಿಧಿ, ಯಂತ್ರದ ಫಲಿತಾಂಶ ಯಾರ ವಿರುದ್ಧ ಬಳಕೆಯಾಗುವುದೋ ಅವರಿಗೆ ಅದರ ಹಿಂದಿನ ತರ್ಕವನ್ನು ತಿಳಿಯಲು, ಪ್ರಶ್ನಿಸಲು ಹಕ್ಕು ಕೊಟ್ಟಿತು. ಇಂದಿನ 'ವಿವರಣೆಯ ಹಕ್ಕು' ಇದರದೇ ಸಂತಾನ.

ತೊಡಕು ಇದ್ದುದು 'ಮಾತ್ರ'ದಲ್ಲಿ. ಯಂತ್ರ ಕೊಟ್ಟ ಅಂಕವನ್ನು ನೋಡಿ ಅಧಿಕಾರಿಯೊಬ್ಬ ಕಣ್ಣುಮುಚ್ಚಿ ಸಹಿ ಹಾಕಿದರೆ ಆ ತೀರ್ಮಾನ ಯಾರದು? ಐರೋಪ್ಯ ಒಕ್ಕೂಟದ 1995ರ ನಿರ್ದೇಶನವೂ 2018ರಲ್ಲಿ ಜಾರಿಗೆ ಬಂದ ದತ್ತಾಂಶ ನಿಯಮಾವಳಿಯ 22ನೆಯ ವಿಧಿಯೂ ಈ ಪದವನ್ನು ಹಾಗೆಯೇ ಉಳಿಸಿಕೊಂಡವು. 2023ರ ಡಿಸೆಂಬರ್ 7ರಂದು, ಜರ್ಮನಿಯ ಶೂಫಾ ಎಂಬ ಸಂಸ್ಥೆ ಸಾಲಗಾರರಿಗೆ ಕೊಡುವ ಅಂಕದ ಪ್ರಕರಣದಲ್ಲಿ, ಬ್ಯಾಂಕು ಆ ಅಂಕವನ್ನೇ ಬಲವಾಗಿ ನೆಚ್ಚಿಕೊಂಡು ನಿರ್ಧರಿಸುವುದಾದರೆ ಅಂಕ ಕೊಡುವುದೇ ಯಾಂತ್ರಿಕ ತೀರ್ಮಾನವಾಗುತ್ತದೆಂದು ಒಕ್ಕೂಟದ ನ್ಯಾಯಾಲಯ ಹೇಳಿದ್ದು ಈ ಚರಿತ್ರೆಯ ದೊಡ್ಡ ತಿರುವು. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯು, ಉದ್ಯೋಗ, ಸಾಲದಂಥ ವಿಷಯಗಳಲ್ಲಿ ಬಳಸುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದವೆಂದು ವರ್ಗೀಕರಿಸಿ ಅವುಗಳ ಮೇಲೆ ಮನುಷ್ಯರ ಮೇಲ್ವಿಚಾರಣೆಯನ್ನು ಕಡ್ಡಾಯಗೊಳಿಸಿದರೂ, ಮೇಲ್ವಿಚಾರಕನು ನಿಜವಾಗಿ ವಿಚಾರ ಮಾಡುತ್ತಾನೆಯೇ ಎಂಬ ಹಳೆಯ ಪ್ರಶ್ನೆಯನ್ನು ಪೂರ್ತಿ ಬಗೆಹರಿಸಿಲ್ಲ.

ಭಾರತದಲ್ಲಿಯೂ ವಾದ ಮೊದಲಾದದ್ದು ಸಂಖ್ಯೆಯಿಂದಲೇ. ಹನ್ನೆರಡು ಅಂಕಿಗಳ ಆಧಾರ್ ವಿರುದ್ಧ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಆ ತೀರ್ಪಿನ ಬೆನ್ನಿಗೆ ರೂಪುಗೊಂಡ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕು ಪ್ರಜೆಗೆ ದೊರೆತಿಲ್ಲ.