ಕೋಳಿಗೂಡಿನ ಕಳ್ಳ ಯಾರು? ಥಾಣೆ ಸೀಮೆಯ ಒಂದು ಚರಿತ್ರೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಅಂದ ಕೂಡಲೇ ಕಣ್ಣಿಗೆ ಬರುವುದು ಲೋಕಲ್ ರೈಲು, ಎತ್ತರದ ಕಟ್ಟಡ. ಕೋಳಿಗೂಡು ಯಾರಿಗೂ ನೆನಪಾಗುವುದಿಲ್ಲ. ಆದರೆ ಈ ನಗರಗಳ ನಡುವೆ ಹಳೆಯ ಹಳ್ಳಿಗಳು ಉಳಿದಿವೆ. ಅಲ್ಲಿನವರು ಅವನ್ನು ಗಾವಠಾಣ ಅನ್ನುತ್ತಾರೆ. ಆಗ್ರಿ ರೈತರು, ಮೀನುಗಾರರು, ಕೊಂಕಣಿ ಮುಸ್ಲಿಮರ ಹಿತ್ತಿಲುಗಳಲ್ಲಿ ಇಂದಿಗೂ ನಾಟಿ ಕೋಳಿ ಓಡಾಡುತ್ತದೆ. ನಮ್ಮ ಕರಾವಳಿಯ ಮನೆಗಳಂತೆಯೇ ಅಲ್ಲಿಯೂ ಕೋಳಿ, ಮೊಟ್ಟೆಯ ದುಡ್ಡು ಹೆಚ್ಚಾಗಿ ಹೆಂಗಸರ ಕೈಯ ದುಡ್ಡು. ಒಂದು ಹೇಂಟೆ ಹೋದರೆ ಅದು ಅವರಿಗೆ ಸಣ್ಣ ನಷ್ಟ ಅಲ್ಲ. ಹಾಗಾಗಿ ಕೋಳಿ ಕದ್ದವರು ಯಾರು ಅನ್ನುವ ಪ್ರಶ್ನೆ ಆ ನೆಲದಲ್ಲಿ ಬಹಳ ಹಳೆಯದು. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆಗ ಹಳಿಯ ಎರಡೂ ಬದಿ ಇದ್ದದ್ದು ಭತ್ತದ ಗದ್ದೆ, ಉಪ್ಪಿನಗದ್ದೆ, ಕಾಂಡ್ಲಾ ಕಾಡು, ಗುಡ್ಡ. 1882ರಲ್ಲಿ ಪ್ರಕಟವಾದ ಥಾಣೆ ಜಿಲ್ಲೆಯ ಗೆಜೆಟಿಯರ್‌ನಲ್ಲಿ ಕಾಡುಪ್ರಾಣಿಗಳ ಸಾಲಿನಲ್ಲಿ ಹುಲಿಗೂ ಜಾಗವಿತ್ತು. ಗೂಡಿಗೆ ಬರುತ್ತಿದ್ದವರು ನರಿ, ಕಾಡುಬೆಕ್ಕು, ಪುನುಗು ಬೆಕ್ಕು, ಮುಂಗುಸಿ. ಬ್ರಿಟಿಷ್ ಸರಕಾರ ಅಪಾಯಕಾರಿ ಪ್ರಾಣಿ ಕೊಂದವರಿಗೆ ಇನಾಮು ಕೊಡುತ್ತಿದ್ದ ಕಾಲ ಅದು. ತಪ್ಪು ಮಾಡಿದ ಪ್ರಾಣಿ ಯಾವುದು ಅಂತ ವಿಚಾರಿಸುವ ಪದ್ಧತಿ ಇರಲಿಲ್ಲ. ಸತ್ತ ಪ್ರಾಣಿಯನ್ನು ಲೆಕ್ಕ ಹಾಕಿದರೆ ಸಾಕಿತ್ತು.

ದೊಡ್ಡ ಬದಲಾವಣೆ ಬಂದದ್ದು 1970ರಲ್ಲಿ. ಆ ವರ್ಷ ಸಿಡ್ಕೋ ಸ್ಥಾಪನೆಯಾಯಿತು. ನವಿ ಮುಂಬಯಿಗಾಗಿ 95 ಹಳ್ಳಿಗಳ ಭೂಮಿ ಗುರುತಿಸಲಾಯಿತು. ಪರಿಹಾರಕ್ಕಾಗಿ ದಿ.ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಪೊಲೀಸ್ ಗೋಲಿಬಾರಿನಲ್ಲಿ ಐವರು ಪ್ರಾಣ ತೆತ್ತರು. ಗದ್ದೆ ಹೋಗಿ ಸೆಕ್ಟರ್ ಬಂತು. ಹಳ್ಳಿ ಮಾತ್ರ ನಡುಗಡ್ಡೆಯ ಹಾಗೆ ಉಳಿಯಿತು. ನರಿ ಕೊಲ್ಲಿಯ ಕಾಂಡ್ಲಾ ಕಾಡಿಗೆ ಸರಿಯಿತು. ಈಗಲೂ ಐರೋಲಿ, ಖಾರ್‌ಘರ್ ಕಡೆ ಕಾಣಿಸಿಕೊಳ್ಳುತ್ತದೆ. ಅದರ ಬದಲು ಕಸದ ರಾಶಿಯೊಂದಿಗೆ ಹೆಗ್ಗಣ, ಬೀದಿ ನಾಯಿ, ಕಾಗೆ ಹೆಚ್ಚಿದವು. ಅಂದರೆ ಇಂದಿನ ಕೋಳಿ ಕಳ್ಳ ಬಹುತೇಕ ಕಾಡಿನವನಲ್ಲ, ಊರಿನವನೇ. ಆದರೂ ಅನುಮಾನ ಮೊದಲು ಹೋಗುವುದು ಮುಂಗುಸಿ ಮತ್ತು ನರಿಯ ಮೇಲೆ.

ಗುರುತು ನೋಡಿದರೆ ಕಳ್ಳ ಸಿಗುತ್ತಾನೆ. ಹಲವು ಕೋಳಿ ಸತ್ತು, ಹರಿದು, ತಿನ್ನದೆ ಬಿದ್ದಿದ್ದರೆ ನಾಯಿಯ ಮೇಲೆ ಸಂಶಯ ಪಡಬೇಕು. ಇಡೀ ಕೋಳಿ ಹೋಗಿ, ಪುಕ್ಕ ಒಂದು ದಿಕ್ಕಿಗೆ ಚೆಲ್ಲಿದ್ದರೆ ನರಿ ಅಥವಾ ಕಾಡುಬೆಕ್ಕು. ರಾತ್ರಿ ಮರಿಗಳು ಒಂದೊಂದಾಗಿ ಮಾಯವಾಗಿ, ಗೂಡಿನ ಅಡಿ ಬಿಲ ಕಂಡರೆ ಹೆಗ್ಗಣ. ರಕ್ತ, ಪುಕ್ಕ ಏನೂ ಇಲ್ಲದೆ ಮೊಟ್ಟೆ, ಮರಿ ಕಾಣೆಯಾದರೆ ಹಾವು ಇರಬಹುದು. ಹಗಲು ಹೊತ್ತಿನಲ್ಲಿ ಕುತ್ತಿಗೆಗೆ ಕಚ್ಚಿದ್ದರೆ ಮುಂಗುಸಿ. ಅಂಗಳದಿಂದ ಮರಿ ಹಾರಿಸಿಕೊಂಡು ಹೋಗುವುದು ಹದ್ದು, ಗಿಡುಗ, ಕಾಗೆ. ಗಾಯವೇ ಇಲ್ಲದೆ ಕೋಳಿಗಳು ಸಾಲಾಗಿ ಸತ್ತರೆ ಅದು ಪ್ರಾಣಿಯ ಕೆಲಸ ಅಲ್ಲ, ರೋಗ. 2022ರ ಫೆಬ್ರುವರಿಯಲ್ಲಿ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನ ವೆಹ್ಲೋಳಿಯಲ್ಲಿ ಕೋಳಿಗಳು ಸತ್ತದ್ದು ಹಕ್ಕಿಜ್ವರದಿಂದ. ಆಗ ಕರೆಯಬೇಕಾದ್ದು ಪಶುವೈದ್ಯರನ್ನು.

ಹೀಗೆ ನೋಡಿ, ಪರಿಶೀಲಿಸಿ ಹೇಳುವುದು ನಮ್ಮ ಪರಂಪರೆಗೆ ಹೊಸತಲ್ಲ. ಒಂಬತ್ತನೇ ಶತಮಾನದ ಬಸ್ರಾದ ಅಲ್ ಜಾಹಿಝ್ ಪ್ರಾಣಿಗಳ ಬಗ್ಗೆ ಹಲವು ಸಂಪುಟಗಳನ್ನೇ ಬರೆದರು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸಲೀಂ ಅಲಿ ಹುಡುಗನಾಗಿದ್ದಾಗ ಹೊಡೆದ ಹಕ್ಕಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡು, ಇದು ತಿನ್ನಲು ಸಲ್ಲುತ್ತದೋ ಇಲ್ಲವೋ ಅಂತ ಅನುಮಾನಿಸಿದರು. ಆ ಅನುಮಾನವೇ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕರೆದೊಯ್ದಿತು.

ಹದೀಸ್‌ನಲ್ಲಿ ಹರಮಿನೊಳಗೂ ಕೊಲ್ಲಲು ಅನುಮತಿಯಿರುವ ಐದು ಜೀವಿಗಳ ಹೆಸರಿದೆ: ಕಾಗೆ, ಹದ್ದು, ಚೇಳು, ಇಲಿ, ಕಚ್ಚುವ ನಾಯಿ. ಇದನ್ನು ಹಿಡಿದು ಸಿಕ್ಕಸಿಕ್ಕ ಪ್ರಾಣಿಗೆಲ್ಲ ವಿಷ ಇಡುವವರು, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಹೆಂಗಸಿಗೆ ಶಿಕ್ಷೆಯಾಯಿತು ಅನ್ನುವ ಹದೀಸನ್ನೂ ಓದಬೇಕು. ಮೊದಲನೆಯದು ಹಾನಿ ತಡೆಯುವ ಅನುಮತಿ, ಎರಡನೆಯದು ಕ್ರೌರ್ಯದ ಮೇಲಿನ ತಡೆ. ಜೊತೆಗೆ ದೇಶದ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ, ನರಿ, ಕಾಡುಬೆಕ್ಕು, ಉಡವನ್ನು ಕೊಲ್ಲುವುದು ಅಪರಾಧ.

ವಿಷ ಇಟ್ಟರೆ ಆಗುವುದೇನು? ಇಲಿ ತಿನ್ನುವ ಮುಂಗುಸಿ, ಕೇರೆ ಹಾವು ಸಾಯುತ್ತವೆ. ಆಮೇಲೆ ಹೆಗ್ಗಣಕ್ಕೆ ಹಬ್ಬ. ಚಿರತೆಯ ಕತೆಯೂ ಇದೇ ಪಾಠ ಹೇಳುತ್ತದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಹಿಡಿದ ಚಿರತೆಗಳನ್ನು ಬೇರೆ ಕಾಡುಗಳಿಗೆ ಬಿಟ್ಟಾಗ ಜನರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಿತು ಅಂತ ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ತೋರಿಸಿಕೊಟ್ಟರು. ಯಾವ ಪ್ರಾಣಿ, ಯಾಕೆ ಬಂತು ಅಂತ ತಿಳಿಯದೆ ಮಾಡಿದ ಉಪಾಯ ತಿರುಗಿ ಹೊಡೆಯುತ್ತದೆ.

ನಿಜವಾದ ಉಪಾಯ ಗೂಡಿನಲ್ಲೇ ಇದೆ. ದೊಡ್ಡ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಹೆಗ್ಗಣವನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಬೇಕು. ಅದನ್ನು ಸುತ್ತಲೂ ಒಂದು ಅಡಿ ಮಣ್ಣಿನೊಳಗೆ ಹೂಳಬೇಕು. ಗೂಡನ್ನು ನೆಲದಿಂದ ಎತ್ತರಿಸಬೇಕು. ಮಗ್ರಿಬ್ ಬಾಂಗಿನ ಹೊತ್ತಿಗೆ ಕೋಳಿ ಒಳಗೆ, ಚಿಲಕ ಹೊರಗೆ. ಮಿಕ್ಕಿದ ಕಾಳು, ಮೀನಿನ ಕಸ ರಾತ್ರಿ ಅಂಗಳದಲ್ಲಿ ಉಳಿಯಬಾರದು. ಮರಿಗಳಿಗೆ ಹಗಲು ಮೇಲುಬಲೆ ಇರಲಿ. ನರಿ, ಚಿರತೆ, ದೊಡ್ಡ ಹಾವು ಕಂಡರೆ ಕೈ ಹಾಕದೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬೇಕು. ನರಿಗೆ ರೇಬೀಸ್ ಇರುವ ಸಾಧ್ಯತೆಯನ್ನೂ ಮರೆಯಬಾರದು.

ಸಾಕ್ಷಿ ಇಲ್ಲದೆ ಒಬ್ಬರ ಮೇಲೆ ಅಪವಾದ ಹೊರಿಸುವುದರ ನೋವು ನಮ್ಮ ಸಮುದಾಯಕ್ಕೆ ಚೆನ್ನಾಗಿ ಗೊತ್ತು. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಅಂತ ಕುರ್‌ಆನಿನ ಹುಜುರಾತ್ ಅಧ್ಯಾಯ ಕಲಿಸುತ್ತದೆ. ಆ ಕಲಿಕೆಯನ್ನು ಮಾತಿಲ್ಲದ ಪ್ರಾಣಿಗೂ ಅನ್ವಯಿಸಿದರೆ ಕೋಳಿಯೂ ಉಳಿಯುತ್ತದೆ, ಮುಂಗುಸಿಯೂ ಉಳಿಯುತ್ತದೆ.