ಬೆಂಡಿಕಾಯಿ ಎಲೆಯೊಳಗಿನ ಕಳ್ಳದಾರಿ
(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

1924 ಅಂದ್ರೆ ಬೆಳಗಾವಿಯವರಿಗೆ ತಕ್ಷಣ ನೆನಪಾಗೋದು ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು, ಟಿಳಕವಾಡಿಯ ಕಾಂಗ್ರೆಸ್ ಬಾವಿ, ಇದೆಲ್ಲ ನಾವು ಶಾಲೆಯಲ್ಲೇ ಕೇಳಿರ್ತೀವಿ. ಇವತ್ತು ನಾನು ಹೇಳೋದು ಅದೇ ವರ್ಷದ ಇನ್ನೊಂದು ಸುದ್ದಿ. ಪುಣೆಯ ಕೃಷಿ ಕಾಲೇಜಿನ ಪತ್ರಿಕೆಯಲ್ಲಿ ಜಿ.ಎಸ್. ಕುಲಕರ್ಣಿ ಅನ್ನೋರು ಒಂದು ಲೇಖನ ಬರೆದ್ರು. ವಿಷಯ, ಮುಂಬೈ ಪ್ರಾಂತ್ಯದ ಬೆಳೆಗಳಿಗೆ ಬರೋ ಮೊಸಾಯಿಕ್ ರೋಗಗಳು. ಬೆಳಗಾವಿ, ಖಾನಾಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಬೆಂಡಿಕಾಯಿಯ ಹಳದಿ ರೋಗಕ್ಕೆ ಮೊದಲ ದಾಖಲೆ ಯಾವುದು ಅಂತ ಕೇಳಿದ್ರೆ ವಿಜ್ಞಾನಿಗಳು ಇವತ್ತಿಗೂ ತೋರಿಸೋದು ಆ ಲೇಖನವನ್ನೇ.

ಬೆಂಡಿಕಾಯಿ ಹಾಕಿದವರಿಗೆ ಈ ರೋಗದ ಗುರುತು ಹೇಳಿಕೊಡಬೇಕಾಗಿಲ್ಲ. ಮೊದಲು ಎಲೆಯ ನರಗಳು ಹಳದಿ ಆಗ್ತವೆ. ಆಮೇಲೆ ಪೂರ್ತಿ ಎಲೆ. ಕೊನೆಗೆ ಕಾಯಿನೂ ಬಿಳಚಿಕೊಂಡು ಸಣ್ಣಗೆ, ಒರಟಾಗಿ ಬರುತ್ತೆ. ಅಂಥ ಕಾಯಿಗೆ ಮಾರ್ಕೆಟ್‌ನಲ್ಲಿ ರೇಟ್ ಇಲ್ಲ.

ಇದಕ್ಕೆ ಕಾರಣ ಒಂದು ವೈರಸ್ ಅಂತ 1940ರಲ್ಲಿ ಉಪ್ಪಲ್, ವರ್ಮಾ, ಕಪೂರ್ ಎಂಬ ವಿಜ್ಞಾನಿಗಳು ಹೇಳಿದ್ರು. ಗಿಡದಿಂದ ಗಿಡಕ್ಕೆ ಅದನ್ನ ಹೊತ್ತೊಯ್ಯೋದು ಬಿಳಿ ನೊಣ ಅನ್ನೋದು 1950ರ ಹೊತ್ತಿಗೆ ಗೊತ್ತಾಯ್ತು. ಅಂದ್ರೆ ಹೊರಗಿನ ದಾರಿ ಸಿಕ್ತು. ಆದ್ರೆ ನೊಣ ಕಚ್ಚೋದು ಯಾವುದೋ ಒಂದು ಎಲೆಯನ್ನ. ಇಡೀ ಗಿಡ ಹಳದಿ ಆಗೋದು ಹೇಗೆ? ಅದು ಒಳಗಿನ ದಾರಿಯ ಪ್ರಶ್ನೆ. ಅದರ ಉತ್ತರಕ್ಕೆ ಇನ್ನೂ ಐವತ್ತು ವರ್ಷ ಬೇಕಾಯ್ತು.

ಯಾಕಷ್ಟು ಕಷ್ಟ? ನಮ್ಮ ಮೈಯಲ್ಲಿ ವೈರಸ್ ಒಂದು ಜೀವಕೋಶದಿಂದ ಹೊರಬಂದು ಪಕ್ಕದ್ದಕ್ಕೆ ಅಂಟಿಕೊಂಡು ಒಳಗೆ ಹೋಗುತ್ತೆ. ಗಿಡದಲ್ಲಿ ಆ ಆಟ ನಡೆಯಲ್ಲ. ಪ್ರತಿ ಕೋಶದ ಸುತ್ತ ಗಟ್ಟಿ ಗೋಡೆ ಐತಿ. ಆದ್ರೆ ಗೋಡೆಯಲ್ಲಿ ಸಣ್ಣ ಕಂಡಿಗಳಿವೆ. ಅವುಗಳ ಹೆಸರು ಪ್ಲಾಸ್ಮೋಡೆಸ್ಮಾಟಾ. ಅಗಲ ಸುಮಾರು 50 ನ್ಯಾನೋಮೀಟರ್, ಅಂದ್ರೆ ಒಂದು ಮಿಲಿಮೀಟರನ್ನ 20 ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು. ಸಕ್ಕರೆ, ಲವಣದಂಥ ಸಣ್ಣ ಅಣುಗಳು ಓಡಾಡೋಕೆ ಗಿಡ ಇಟ್ಟುಕೊಂಡ ದಾರಿ ಅದು.

ಈ ಕಂಡಿಗಳನ್ನ ಮೊದಲು ಕಂಡವರು ಯುರೋಪಿನ ಎಡ್ವರ್ಡ್ ಟಾಂಗ್ಲ್, 1879ರಲ್ಲಿ. ಅವರು ನೋಡಿದ್ದು ಯಾವ ಬೀಜದಲ್ಲಿ ಗೊತ್ತಾ? ಕಾಸರಕದ ಬೀಜದಲ್ಲಿ! ಹೆಮ್ಮುಷ್ಟಿ ಅಂತಲೂ ಕರೀತಾರೆ; ಗುಂಡಿಯಂಥ ಚಪ್ಪಟೆ ಬೀಜ, ತಿಂದ್ರೆ ವಿಷ. ಖಾನಾಪುರ ದಾಟಿ ಘಟ್ಟದ ಕಾಡಿನ ಕಡೆ ಹೋದ್ರೆ, ಅದು ನಮ್ಮ ಸಹ್ಯಾದ್ರಿಯದೇ ಮರ. ಟಾಂಗ್ಲ್‌ಗೆ ಬೀಜ ಎಲ್ಲಿಂದ ಬಂದಿದ್ರೂ, ನಮ್ಮ ಕಥೆಯ ಬಾಗಿಲು ಮೊದಲು ಕಂಡಿದ್ದು ಆ ಮರದ ಬೀಜದಲ್ಲೇ.

ಈಗ ಲೆಕ್ಕ ನೋಡ್ರಿ. ಕಂಡಿ ಇದೆ, ಆದ್ರೆ ವೈರಸ್‌ಗೆ ಅದು ತೀರಾ ಇಕ್ಕಟ್ಟು. ಹಾಗಾದ್ರೆ ತೂರೋದು ಹೇಗೆ? ಸುಳಿವು ಸಿಕ್ಕಿದ್ದು ತಂಬಾಕಿನ ವೈರಸ್‌ನಲ್ಲಿ, ನಮ್ಮ ನಿಪ್ಪಾಣಿಯನ್ನ ಹೆಸರುವಾಸಿ ಮಾಡಿದ ಅದೇ ಬೆಳೆಗೆ ಬರೋ ವೈರಸ್‌ನಲ್ಲಿ. 1978ರಲ್ಲಿ ಜಪಾನಿನ ವಿಜ್ಞಾನಿಗಳು ತಂಬಾಕು ಮೊಸಾಯಿಕ್ ವೈರಸ್‌ನ ಒಂದು ವಿಚಿತ್ರ ತಳಿಯ ಬಗ್ಗೆ ಬರೆದ್ರು. 32 ಡಿಗ್ರಿ ಬಿಸಿಯಲ್ಲಿ ಅದು ಕೋಶದೊಳಗೆ ಆರಾಮಾಗಿ ಮರಿ ಹಾಕ್ತಿತ್ತು, ಆದ್ರೆ ಪಕ್ಕದ ಕೋಶಕ್ಕೆ ಹೋಗೋಕೆ ಆಗ್ತಿರಲಿಲ್ಲ. ಅಂದ್ರೆ ಬೆಳೆಯೋ ಕೆಲಸ ಬೇರೆ, ನಡೆಯೋ ಕೆಲಸ ಬೇರೆ! ನಡೆಸೋದಕ್ಕೇ ಅಂತ ವೈರಸ್ ಒಂದು ಪ್ರೋಟೀನ್ ಇಟ್ಟುಕೊಂಡಿದೆ. ಅದೇ ಮೂವ್‌ಮೆಂಟ್ ಪ್ರೋಟೀನ್. 1987ರಲ್ಲಿ ಅಮೆರಿಕದಲ್ಲಿ ರೋಜರ್ ಬೀಚಿ ತಂಡ ಈ ಪ್ರೋಟೀನನ್ನ ತಂಬಾಕು ಗಿಡವೇ ತಯಾರಿಸೋ ಹಾಗೆ ಮಾಡ್ತು. ಆ ಗಿಡದಲ್ಲಿ ಕುಂಟು ವೈರಸ್ ಕೂಡ ನಡೆದುಬಿಟ್ಟಿತು. ಎರಡು ವರ್ಷದ ನಂತರ ಅಳೆದು ನೋಡಿದ್ರು. ಸುಮಾರು 800 ಡಾಲ್ಟನ್ ತೂಕದ ಅಣು ಮಾತ್ರ ಹಾಯ್ತಿದ್ದ ಕಂಡಿಯಲ್ಲಿ ಈಗ 9,400 ಡಾಲ್ಟನ್ ಅಣು ಹಾಯ್ತಿತ್ತು. ವೈರಸ್ ಗೋಡೆ ಒಡೆಯಲ್ಲ; ಗಿಡದ ಬಾಗಿಲನ್ನೇ ಹಿಗ್ಗಿಸುತ್ತೆ.

ಮತ್ತೆ ನಮ್ಮ ಬೆಂಡಿಕಾಯಿಗೆ ಬರೋಣ. ಇಲ್ಲಿ ಕಥೆ ಇನ್ನೂ ಸಿಕ್ಕು. ಈ ವೈರಸ್ ತನ್ನ ಪ್ರತಿ ತೆಗೆಯೋದು ಕೋಶದ ಕೇಂದ್ರದೊಳಗೆ, ಅಂದ್ರೆ ನ್ಯೂಕ್ಲಿಯಸ್‌ನಲ್ಲಿ. ಅಲ್ಲಿಂದ ಮೊದಲು ಹೊರಬರಬೇಕು, ಆಮೇಲೆ ಗೋಡೆ ದಾಟಬೇಕು. 2003ರಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಜೋಸ್ ಮತ್ತು ಉಷಾ ತೋರಿಸಿದ್ದು ಏನಂದ್ರೆ, ವೈರಸ್ ಒಂಟಿಯಾಗಿದ್ರೆ ಆ ಹಳದಿ ನರ ಬರಲ್ಲ. ಜೊತೆಗೆ ಬೀಟಾ ಸ್ಯಾಟಲೈಟ್ ಅನ್ನೋ ಪುಟ್ಟ ಡಿಎನ್‌ಎ ತುಂಡು ಬೇಕು. ಆ ತುಂಡು ತಯಾರಿಸೋ ಪ್ರೋಟೀನ್ ವೈರಸ್‌ನ ಹೊದಿಕೆ ಪ್ರೋಟೀನಿನ ಜೊತೆ ಕೈಜೋಡಿಸುತ್ತೆ ಅಂತ 2006ರಲ್ಲಿ ಗೊತ್ತಾಯ್ತು. ಹೊದಿಕೆ ಪ್ರೋಟೀನ್ ಇರೋದು ನ್ಯೂಕ್ಲಿಯಸ್‌ನಲ್ಲಿ, ಇನ್ನೊಂದು ಕೋಶದ ಅಂಚಿನಲ್ಲಿ. ಇಬ್ಬರು ಹಮಾಲರು ಒಬ್ಬರಿಂದೊಬ್ಬರಿಗೆ ಮೂಟೆ ದಾಟಿಸಿದ ಹಾಗೆ ವೈರಸ್‌ನ ಡಿಎನ್‌ಎ ಸಾಗಬಹುದು ಅನ್ನೋದು ಆ ಸಂಶೋಧಕರ ವಿಚಾರ.

ಶೇಂಗಾ, ಟೊಮ್ಯಾಟೊ ಗಿಡದ ಕುಡಿ ಒಣಗಿಸೋ ವೈರಸ್‌ಗೂ ಇಂಥ ಒಂದು ಪ್ರೋಟೀನ್ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಚ್.ಎಸ್. ಸಾವಿತ್ರಿ ಅವರ ತಂಡ ಅದನ್ನ ಅಭ್ಯಾಸ ಮಾಡಿದೆ.

ಇದರಿಂದ ರೈತನಿಗೆ ಏನು ಸಿಕ್ತು ಅಂತ ನೀವು ಕೇಳ್ತೀರಿ. ಕೇಳಲೇಬೇಕು. ನಾವು ಹೊಡೆಯೋ ಔಷಧಿ ಸಾಯಿಸೋದು ಬಿಳಿ ನೊಣವನ್ನ. ಗಿಡದೊಳಗೆ ನಡೆಯೋಕೆ ಶುರು ಮಾಡಿದ ವೈರಸ್‌ಗೆ ಅದು ಏನೂ ಮಾಡಲ್ಲ. ಹಳದಿ ಆದ ಗಿಡಕ್ಕೆ ಮತ್ತೆ ಮತ್ತೆ ಸ್ಪ್ರೇ ಮಾಡಿದ್ರೆ ಆ ಗಿಡ ವಾಸಿ ಆಗಲ್ಲ, ದುಡ್ಡು ಮಾತ್ರ ಹೋಗುತ್ತೆ. ಮೊದಲ ಹಳದಿ ನರ ಕಂಡಾಗಲೇ ಗಿಡ ಕಿತ್ತು ನಾಶ ಮಾಡ್ರಿ ಅಂತ ಹೇಳೋದು ಅದಕ್ಕೇ.

ತಡೆದುಕೊಳ್ಳೋ ತಳಿಗಳೂ ಬಂದವು. ದೆಹಲಿಯಿಂದ ಪೂಸಾ ಸಾವನಿ, ಆಮೇಲೆ ಬೆಂಗಳೂರಿನಿಂದ, ಕಾಡು ಬೆಂಡೆಯ ಗುಣ ಸೇರಿಸಿದ ಅರ್ಕಾ ಅನಾಮಿಕಾ. ಪೂಸಾ ಸಾವನಿ ಕೆಲವು ವರ್ಷ ತಡೆದು ಸೋತಿತು. ತಳಿ ಸೋತಾಗ ಲುಕ್ಸಾನು ರೈತನದೇ. ಅದಕ್ಕೇ ಒಳಗಿನ ದಾರಿಯ ಈ ಹುಡುಕಾಟ ಬರೀ ಲ್ಯಾಬಿನ ಮಾತಲ್ಲ. ನೊಣದ ಹಿಂದೆ ಎಷ್ಟು ವರ್ಷ ಓಡ್ತೀವಿ? ಬಾಗಿಲು ಹಿಗ್ಗದಂತೆ ತಡೆಯೋ ಬೆಂಡಿ ಗಿಡ ಬಂದ ದಿನ, 1924ರಲ್ಲಿ ಶುರುವಾದ ಈ ಕಥೆಗೆ ಬೇರೆಯೇ ಅಧ್ಯಾಯ ಬರೆಯಬೇಕಾಗುತ್ತೆ.

ನಿಮ್ಮ ಮನೆಯಲ್ಲಿ ಕಾಯಿಪಲ್ಲೆ ಬೆಳೆಯೋರು ಇದ್ರೆ ಇದನ್ನ ಅವರಿಗೂ ಕೇಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.